ಕೊಪ್ಪಳದ ಅಣು ಸ್ಥಾವರ: ಮೂವತ್ತನೇ ವರ್ಷದ ಲೋಹವನ್ನು ನೋಡುವವರು ಯಾರು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಹೋದದ್ದು ಒಂದೇ. ಅಷ್ಟಕ್ಕೇ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರಿಗೆ ಒಂದು ವಾರ ನಿದ್ದೆ ಇರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ಉಕ್ಕಿನ ಹಲಗೆ) ಇಳಿಸಿ ನೀರು ನಿಲ್ಲಿಸಿತು. ಮರುವರ್ಷ ಹೊಳೆ ತುಂಬಿ ಬಂದರೂ ಅಣೆಕಟ್ಟೆಯಲ್ಲಿ ನಿಲ್ಲಿಸಿದ್ದು ಸುಮಾರು 80 ಟಿಎಂಸಿ ಅಡಿ ಮಾತ್ರ. ಉಳಿದ ಹಳೇ ಗೇಟುಗಳನ್ನು ನಂಬುವ ಧೈರ್ಯ ಯಾರಿಗೂ ಇರಲಿಲ್ಲ. ಆ ದಿನಗಳಲ್ಲಿ ಮುನಿರಾಬಾದಿನಿಂದ ಮಾನ್ವಿವರೆಗೆ ಜನ ಕೇಳಿದ್ದು ಒಂದೇ ಪ್ರಶ್ನೆ: ಎಪ್ಪತ್ತು ವರ್ಷದಿಂದ ನೀರಿನಲ್ಲಿ ನಿಂತ ಕಬ್ಬಿಣವನ್ನು ವರ್ಷ ವರ್ಷ ನೋಡುತ್ತಿದ್ದವರು ಯಾರು? ನೋಡಿ ಏನು ಬರೆದಿಟ್ಟಿದ್ದರು?

ಗೇಟು ಹೋಗಿ ಕೆಲವೇ ತಿಂಗಳಿಗೆ ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಅರಸಿನಕೇರಿ ಭಾಗದ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ಊರಿನವರು ವಿರೋಧಿಸಿದರು. ಭೂಮಿ ಹೋಗುತ್ತದೆ, ನೀರು ಹೋಗುತ್ತದೆ, ಕರಡಿಗಳ ಗತಿ ಏನು, ವಿಕಿರಣ ಸೋರಿದರೆ ಏನು ಮಾಡೋದು ಎಂದರು. ಎಲ್ಲವೂ ಸರಿಯಾದ ಪ್ರಶ್ನೆಗಳೇ. ಗಿಣಿಗೇರಾ ಸುತ್ತಮುತ್ತ ಕಾರ್ಖಾನೆಯ ಕಪ್ಪು ಧೂಳು ತಿಂದು ಬದುಕುತ್ತಿರುವ ಜಿಲ್ಲೆ ಇದು. ಇನ್ನೊಂದು ದೊಡ್ಡ ಯೋಜನೆ ಅಂದರೆ ಹೆದರುವುದು ಸಹಜ. ಆದರೆ ಗೇಟು ಹೋದಾಗ ಎಲ್ಲರ ಬಾಯಲ್ಲೂ ಇದ್ದ ಆ ಪ್ರಶ್ನೆ ಇಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕಟ್ಟುವಾಗ ಹೊಸದಾಗಿರುವ ಲೋಹ ಮೂವತ್ತು ವರ್ಷ ಆದ ಮೇಲೆ ಹೇಗಿರುತ್ತದೆ? ಅದನ್ನು ಯಾರು ನೋಡುತ್ತಾರೆ? ನೋಡಿದ್ದನ್ನು ನಮಗೆ ತೋರಿಸುತ್ತಾರಾ?

ಅಣು ಸ್ಥಾವರದ ಮಟ್ಟಿಗೆ ಈ ಪ್ರಶ್ನೆಗೆ ಒಂದು ದೊಡ್ಡ ವಿಜ್ಞಾನವೇ ಇದೆ. ವಿಕಿರಣ ಮನುಷ್ಯನ ಮೈಗೆ ಏನು ಮಾಡುತ್ತದೆ ಅನ್ನುವುದು ಬೇರೆ ವಿಷಯ. ವಿಕಿರಣ ಉಕ್ಕಿಗೆ, ಪೈಪಿಗೆ, ಗ್ರಾಫೈಟಿಗೆ ಏನು ಮಾಡುತ್ತದೆ ಎಂದು ನೋಡುವವರು ಇನ್ನೊಂದು ಬಗೆಯ ವಿಜ್ಞಾನಿಗಳು. ಇವರ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಸ್ಥಾವರ ಇನ್ನೂ ಹತ್ತು ವರ್ಷ ಓಡಬಹುದಾ, ಇಲ್ಲ ನಿಲ್ಲಿಸಬೇಕಾ ಎಂದು ಹೇಳಲು ಆಧಾರ ಕೊಡುವವರು ಮಾತ್ರ ಇವರೇ.

ತೊಗಲಿನ ಕಾರ್ಖಾನೆಯಿಂದ ಬಂದವನು

ಈ ವಿಜ್ಞಾನದ ಮೊದಲ ಮನುಷ್ಯ ಯುಜೀನ್ ವಿಗ್ನರ್. 1902ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವರು. ಅಪ್ಪ ತೊಗಲು ಹದ ಮಾಡುವ ಕಾರ್ಖಾನೆ ನಡೆಸುತ್ತಿದ್ದರು. ಮಗನಿಗೆ ಭೌತಶಾಸ್ತ್ರ ಓದುವ ಆಸೆ. ಅಪ್ಪ ಕೇಳಿದರು, ನಮ್ಮ ದೇಶದಲ್ಲಿ ಆ ಓದಿಗೆ ಎಷ್ಟು ಕೆಲಸ ಇವೆ ಅಂತ. ಮಗ ನಾಲ್ಕು ಅಂದನಂತೆ. ಅದೂ ಸ್ವಲ್ಪ ಏರಿಸಿ ಹೇಳಿದ ಲೆಕ್ಕ. ಆಮೇಲೆ ಆದದ್ದು ನಮ್ಮ ಬಳ್ಳಾರಿ, ರಾಯಚೂರಿನ ಎಷ್ಟೋ ಮನೆಗಳಲ್ಲಿ ಆಗುವಂಥದ್ದೇ: ಹುಡುಗ ಇಂಜಿನಿಯರಿಂಗ್ ಸೇರಿದ. ಬರ್ಲಿನ್‌ನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ, ವಾಪಸ್ ಬಂದು ಕೆಲ ಕಾಲ ತೊಗಲಿನ ಕಾರ್ಖಾನೆಯಲ್ಲಿ ಕೆಲಸವನ್ನೂ ಮಾಡಿದರು. ಭೌತಶಾಸ್ತ್ರದ ಗೀಳು ಬಿಡಲಿಲ್ಲ. ಮತ್ತೆ ಬರ್ಲಿನ್‌ಗೆ ಹೋದರು. 1930ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಸೇರಿದರು. ಪರಮಾಣುವಿನ ಒಳಗಿನ ಸಮಮಿತಿಯ ನಿಯಮಗಳ ಮೇಲೆ ಮಾಡಿದ ಕೆಲಸಕ್ಕೆ 1963ರಲ್ಲಿ ನೊಬೆಲ್ ಬಂತು.

ಆದರೆ ಇಲ್ಲಿ ಅವರು ಮುಖ್ಯವಾಗುವುದು ನೊಬೆಲ್ ಕಾರಣಕ್ಕಲ್ಲ. ಅಪ್ಪ ಬಲವಂತವಾಗಿ ಓದಿಸಿದ ಆ ಇಂಜಿನಿಯರಿಂಗ್ ಕಾರಣಕ್ಕೆ. 1942ರಲ್ಲಿ ಷಿಕಾಗೋದಲ್ಲಿ ಜಗತ್ತಿನ ಮೊದಲ ಅಣು ರಿಯಾಕ್ಟರ್ ಕಟ್ಟುವ ಕೆಲಸ ನಡೆದಿತ್ತು. ಅಲ್ಲಿದ್ದ ಹೆಚ್ಚಿನವರ ತಲೆಯಲ್ಲಿ ಇದ್ದದ್ದು, ಒಂದು ಪರಮಾಣು ಒಡೆದಾಗ ಚಿಮ್ಮುವ ನ್ಯೂಟ್ರಾನು ಕಣಗಳು ಇನ್ನಷ್ಟನ್ನು ಒಡೆಯುತ್ತಾ ಹೋಗುವ ಸರಪಳಿ ಕ್ರಿಯೆ ನಡೆಯುತ್ತದಾ ಇಲ್ಲವಾ ಅನ್ನುವುದೊಂದೇ. ವಿಗ್ನರ್ ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದರು. ಕ್ರಿಯೆ ನಡೆಯಿತು ಅಂತಿಟ್ಟುಕೊಳ್ಳೋಣ, ತಿಂಗಳುಗಟ್ಟಲೆ ಓಡಿದ ಮೇಲೆ ನ್ಯೂಟ್ರಾನುಗಳ ವೇಗ ತಗ್ಗಿಸಲು ಜೋಡಿಸಿದ ಗ್ರಾಫೈಟ್ (ಇಂಗಾಲದ ಒಂದು ರೂಪ) ಇಟ್ಟಿಗೆಗಳ ಗತಿ ಏನು? ವೇಗದ ನ್ಯೂಟ್ರಾನು ಇಂಗಾಲದ ಪರಮಾಣುವಿಗೆ ಗುದ್ದಿದರೆ ಅದು ತನ್ನ ಜಾಗ ಬಿಟ್ಟು ಹೋಗಲೇಬೇಕು. ಲಕ್ಷ ಕೋಟಿ ಸಲ ಹಾಗಾದರೆ ಇಟ್ಟಿಗೆ ಇಟ್ಟಿಗೆಯಾಗಿ ಉಳಿಯುತ್ತದಾ? ಯಾರೂ ಇನ್ನೂ ರಿಯಾಕ್ಟರನ್ನೇ ನೋಡಿರದ ಹೊತ್ತಿನಲ್ಲಿ ಕಾಗದದ ಮೇಲೆ ಮಾಡಿದ ಲೆಕ್ಕ ಇದು. ಜೊತೆಯವರು ಅರ್ಧ ತಮಾಷೆಯಾಗಿ ಇದಕ್ಕೆ ‘ವಿಗ್ನರ್ ರೋಗ’ ಎಂದು ಹೆಸರಿಟ್ಟರು.

1942ರ ಡಿಸೆಂಬರ್ 2ರಂದು ಆ ರಿಯಾಕ್ಟರ್ ಶುರುವಾದಾಗ ಸಂಭ್ರಮಕ್ಕೆ ಇಟಲಿಯ ವೈನ್ ಬಾಟಲಿ ತಂದುಕೊಟ್ಟವರೂ ವಿಗ್ನರ್. ಯುದ್ಧದ ಕಾಲ, ಇಂಥ ವೈನ್ ಸಿಗುವುದು ಕಷ್ಟ ಅಂತ ಮೊದಲೇ ಕೊಂಡಿಟ್ಟಿದ್ದರಂತೆ. ಮುಂದೇನಾಗಬಹುದು ಎಂದು ಯೋಚಿಸುವ ಅಭ್ಯಾಸ ಬಾಟಲಿಯವರೆಗೂ ಇತ್ತು.

ರೋಗ ಬಂದೇ ಬಂತು. ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂಗಾಗಿ ಕಟ್ಟಿದ ದೊಡ್ಡ ರಿಯಾಕ್ಟರುಗಳ ಗ್ರಾಫೈಟ್ ಉಬ್ಬತೊಡಗಿತು. ಒಳಗಿನ ಕೊಳವೆಗಳು ಬಾಗಿದವು. ಹೀಗೇ ಓಡಿಸಿದರೆ ಪೂರ್ತಿ ಹಾಳಾಗುತ್ತದೆ ಎಂಬ ಭಯಕ್ಕೆ 1946ರಲ್ಲಿ ಅವುಗಳಲ್ಲಿ ಒಂದಾದ ಬಿ ರಿಯಾಕ್ಟರನ್ನು ಕೆಲ ಕಾಲ ನಿಲ್ಲಿಸಿದರು. ಆಮೇಲೆ ಗೊತ್ತಾದದ್ದು ಏನೆಂದರೆ, ಗ್ರಾಫೈಟನ್ನು ಇನ್ನೂ ಬಿಸಿಯಾಗಿ ಇಟ್ಟರೆ ಕದಲಿದ ಪರಮಾಣುಗಳು ಬಹಳಷ್ಟು ವಾಪಸ್ ಜಾಗಕ್ಕೆ ಬರುತ್ತವೆ. ಹಾಳು ಮಾಡುವುದು ನ್ಯೂಟ್ರಾನು, ಸರಿಮಾಡುವುದು ಶಾಖ. ಈ ವಿಜ್ಞಾನದ ಅರ್ಧ ಭಾಗ ಈ ಎರಡರ ನಡುವಿನ ಲೆಕ್ಕಾಚಾರ.

ಲೋಹದ ಒಳಗೆ ನಡೆಯುವುದೇನು?

ಗವಿಮಠದ ಜಾತ್ರೆಯ ಮಹಾದಾಸೋಹದಲ್ಲಿ ಪಂಕ್ತಿ ಕೂತಿದೆ ಅಂದುಕೊಳ್ಳಿ. ಸಾಲು ಸಾಲಾಗಿ, ಒಬ್ಬರ ಪಕ್ಕ ಒಬ್ಬರು. ನಡುವೆ ಒಂದು ಗೂಳಿ ನುಗ್ಗಿತು. ಕೂತವರು ಎದ್ದು ದಿಕ್ಕಾಪಾಲಾಗಿ ಓಡಿದರು. ಗೂಳಿ ಹೋದ ಮೇಲೆ ಬಹುತೇಕ ಜನ ತಮ್ಮ ಎಲೆಗೋ, ಪಕ್ಕದ ಎಲೆಗೋ ಬಂದು ಕೂತರು. ಆದರೂ ಅಲ್ಲಲ್ಲಿ ಕೆಲವು ಎಲೆ ಖಾಲಿ ಉಳಿದವು. ಇನ್ನು ಕೆಲವು ಕಡೆ ಇಬ್ಬರ ನಡುವೆ ಮೂರನೆಯವರು ತುರುಕಿಕೊಂಡು ಕೂತರು. ಲೋಹದಲ್ಲಿ ಪರಮಾಣುಗಳು ಹೀಗೇ ಸಾಲಾಗಿ ಕೂತಿರುತ್ತವೆ. ಒಂದು ವೇಗದ ನ್ಯೂಟ್ರಾನಿಗೆ ಹತ್ತಿಪ್ಪತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರಬಹುದು. ಕಬ್ಬಿಣದ ಪರಮಾಣುವನ್ನು ಜಾಗದಿಂದ ಎಬ್ಬಿಸಲು ಸುಮಾರು 40 ಸಾಕು. ಹಾಗಾಗಿ ಒಂದೇ ಗುದ್ದಿಗೆ ನೂರಾರು ಪರಮಾಣು ಏಳುತ್ತವೆ. ಸೆಕೆಂಡಿನ ಲಕ್ಷ ಕೋಟಿಯ ಕೆಲವೇ ಭಾಗಗಳಲ್ಲಿ ಹೆಚ್ಚಿನವು ವಾಪಸ್ ಕೂರುತ್ತವೆ. ಉಳಿದವು ಖಾಲಿ ಜಾಗ ಮತ್ತು ತುರುಕಿಕೊಂಡವು. ತೊಂದರೆ ಕೊಡುವುದು ಈ ಉಳಿದವು.

ಇದನ್ನು ಅಳೆಯಲು ವಿಜ್ಞಾನಿಗಳು ಡಿಪಿಎ ಎಂಬ ಅಳತೆ ಇಟ್ಟುಕೊಂಡಿದ್ದಾರೆ. ಒಂದು ಡಿಪಿಎ ಅಂದರೆ ಆ ಲೋಹದ ಪ್ರತಿಯೊಂದು ಪರಮಾಣುವೂ ಸರಾಸರಿ ಒಂದು ಸಲ ಜಾಗ ಬಿಟ್ಟಿದೆ ಅಂತ ಅರ್ಥ. ಕೇಳಿದರೆ ಆಶ್ಚರ್ಯ ಆಗುತ್ತದೆ: ಫಾಸ್ಟ್ ಬ್ರೀಡರ್ ರಿಯಾಕ್ಟರಿನಲ್ಲಿ (ಓಡುತ್ತಲೇ ಹೊಸ ಇಂಧನವನ್ನೂ ಹುಟ್ಟಿಸುವ ಬಗೆ) ಇಂಧನದ ಸುತ್ತ ಇರುವ ಉಕ್ಕಿನ ಕೊಳವೆ ನೂರು ಡಿಪಿಎ ಹತ್ತಿರ ತಡೆಯಬೇಕಾಗುತ್ತದೆ. ಪ್ರತಿ ಪರಮಾಣು ನೂರು ಸಲ ಎದ್ದು ಕೂತು, ಆದರೂ ಅದು ಕೊಳವೆಯಾಗಿಯೇ ಇರಬೇಕು!

ಖಾಲಿ ಜಾಗಗಳು ಒಟ್ಟುಗೂಡಿದರೆ ಲೋಹದ ಒಳಗೆ ಸಣ್ಣ ಸಣ್ಣ ತೂತುಗಳಾಗುತ್ತವೆ. ಲೋಹ ಊದಿಕೊಳ್ಳುತ್ತದೆ. 1967ರಲ್ಲಿ ಬ್ರಿಟನ್ನಿನ ಕಾಥಾರ್ನ್ ಮತ್ತು ಫುಲ್ಟನ್ ಎಂಬ ಇಬ್ಬರು, ಡೌನ್‌ರೇ ರಿಯಾಕ್ಟರಿನಿಂದ ತೆಗೆದ ಸ್ಟೇನ್‌ಲೆಸ್ ಸ್ಟೀಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಈ ತೂತುಗಳನ್ನು ವರದಿ ಮಾಡಿದರು. ಅಲ್ಲಿಯವರೆಗೆ ಸ್ಟೇನ್‌ಲೆಸ್ ಸ್ಟೀಲ್ ಹೀಗೆ ಊದುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಇನ್ನೊಂದು ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದೇ ಜಾಸ್ತಿ ಅಪಾಯದ್ದು. ಮೊದಲು ಬಾಗುತ್ತಿದ್ದ ಉಕ್ಕು ಈಗ ಬಾಗದೆ ಒಡೆಯುತ್ತದೆ.

ಗ್ರಾಫೈಟಿನಲ್ಲಿ ಇನ್ನೊಂದು ಫಜೀತಿ. ಕದಲಿದ ಪರಮಾಣುಗಳು ಶಕ್ತಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಆಗಾಗ ನಿಧಾನವಾಗಿ ಬಿಸಿಮಾಡಿ ಬಿಡಿಸಬೇಕು. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ ಹೀಗೆ ಬಿಡಿಸಲು ಹೋಗಿಯೇ ರಿಯಾಕ್ಟರಿಗೆ ಬೆಂಕಿ ಬಿತ್ತು. ಸುತ್ತಲಿನ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಬೇಕಾಯಿತು. ವಿಗ್ನರ್ ಹದಿನೈದು ವರ್ಷ ಮೊದಲೇ ಗ್ರಾಫೈಟಿನ ಈ ಗುಣದ ಬಗ್ಗೆ ಎಚ್ಚರಿಸಿದ್ದರು. ಗೊತ್ತಿರುವುದು ಬೇರೆ, ಓಡಿಸುವವರ ಕೈಯಲ್ಲಿ ಸರಿಯಾದ ಅಳತೆ ಇರುವುದು ಬೇರೆ. ವಿಂಡ್‌ಸ್ಕೇಲಿನಲ್ಲಿ ಶಾಖ ಅಳೆಯುವ ಉಪಕರಣಗಳು ಅತಿ ಬಿಸಿಯಾದ ಜಾಗದಲ್ಲಿ ಇರಲೇ ಇಲ್ಲ.

ತಾಮ್ರ ಲೇಪಿಸಿದ ತಂತಿ

ಉಕ್ಕಿನ ನಾಡಿನವರಿಗೆ ಈ ಭಾಗ ಬೇಗ ಅರ್ಥ ಆಗುತ್ತದೆ. ತೋರಣಗಲ್ಲು, ಗಿಣಿಗೇರಾ ಕಡೆ ಉಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಚಾರ್ಪಿ ಪರೀಕ್ಷೆ ಗೊತ್ತಿರುತ್ತದೆ. ಬೆರಳುದ್ದದ ಉಕ್ಕಿನ ತುಂಡಿಗೆ ನಡುವೆ ಕಚ್ಚು ಮಾಡಿ ಇಡುತ್ತಾರೆ. ಮೇಲಿಂದ ತೂಗಿಬರುವ ಸುತ್ತಿಗೆ ಹೊಡೆಯುತ್ತದೆ. ಒಡೆಯಲು ಎಷ್ಟು ಶಕ್ತಿ ಹಿಡಿಯಿತು ಎಂದು ನೋಡುತ್ತಾರೆ. ಬೆಚ್ಚಗಿದ್ದಾಗ ಉಕ್ಕು ಬಾಗಿ, ಎಳೆದುಕೊಂಡು, ತುಂಬಾ ಶಕ್ತಿ ಹೀರಿ ಆಮೇಲೆ ತುಂಡಾಗುತ್ತದೆ. ತುಂಬಾ ತಣ್ಣಗಾದರೆ ಒಂದೇ ಏಟಿಗೆ ಪಟ್ ಅಂತ ಒಡೆಯುತ್ತದೆ. ಈ ಎರಡರ ನಡುವೆ ಒಂದು ತಾಪಮಾನದ ಗಡಿ ಇರುತ್ತದೆ. ಹೊಸ ಒಳ್ಳೆ ಉಕ್ಕಿನಲ್ಲಿ ಆ ಗಡಿ ಸೊನ್ನೆ ಡಿಗ್ರಿಗಿಂತ ಕೆಳಗೆ. ನಮ್ಮ ಬಿಸಿಲಲ್ಲಿ ಅದರ ಚಿಂತೆಯೇ ಇಲ್ಲ.

ನ್ಯೂಟ್ರಾನಿನ ಹೊಡೆತ ಈ ಗಡಿಯನ್ನು ವರ್ಷದಿಂದ ವರ್ಷಕ್ಕೆ ಮೇಲೆ ತಳ್ಳುತ್ತದೆ. ಹಳೆಯ ಕೆಲವು ರಿಯಾಕ್ಟರುಗಳಲ್ಲಿ ಇಂಧನವನ್ನು ಒಳಗಿಟ್ಟುಕೊಂಡ ಉಕ್ಕಿನ ಪಾತ್ರೆಗಳಲ್ಲಿ ಅದು ನೂರು ಡಿಗ್ರಿಗಿಂತ ಹೆಚ್ಚು ಮೇಲೆ ಸರಿದಿದೆ. ಅಂಥ ಪಾತ್ರೆ ಬಿಸಿಯಾಗಿ ಓಡುವಾಗ ಗಟ್ಟಿಮುಟ್ಟಾಗಿಯೇ ಇರುತ್ತದೆ. ತುರ್ತು ಸಂದರ್ಭದಲ್ಲಿ ತಣ್ಣೀರು ನುಗ್ಗಿಸಬೇಕಾಗಿ ಬಂದರೆ ಆಗ ಕಷ್ಟ. ಕಾಪಾಡಲು ಬಿಟ್ಟ ನೀರೇ ಪಾತ್ರೆಯನ್ನು ಒಡೆಯಬಹುದು.

ಎಲ್ಲ ಉಕ್ಕೂ ಒಂದೇ ವೇಗದಲ್ಲಿ ಹೀಗಾಗುವುದಿಲ್ಲ. ಕೆಲವು ಪಾತ್ರೆಗಳ ಬೆಸುಗೆಗಳು ಉಳಿದವುಗಳಿಗಿಂತ ಬಹಳ ಬೇಗ ಹಾಳಾಗುತ್ತಿದ್ದವು. ಹುಡುಕಿದಾಗ ಸಿಕ್ಕ ಕಳ್ಳ ತಾಮ್ರ. 1960ರ ದಶಕದಲ್ಲಿ ವೆಲ್ಡಿಂಗ್ ತಂತಿಗೆ ತುಕ್ಕು ಹಿಡಿಯದಿರಲಿ ಅಂತ ತೆಳುವಾಗಿ ತಾಮ್ರ ಲೇಪಿಸುತ್ತಿದ್ದರು. ಆ ಚೂರು ತಾಮ್ರ ಬೆಸುಗೆಯೊಳಗೆ ಸೇರಿತು. ಶೇಕಡಾ ಅರ್ಧದಷ್ಟೂ ಇರದ ತಾಮ್ರ, ವಿಕಿರಣದಿಂದಾದ ಖಾಲಿ ಜಾಗಗಳ ನೆರವಿನಿಂದ ಓಡಾಡಿ ಗುಂಪುಗಟ್ಟಿ ಉಕ್ಕನ್ನು ಪೆಡಸು ಮಾಡಿತು. ತಂತಿ ಲೇಪಿಸಿದವನು ಒಳ್ಳೆ ಕೆಲಸವನ್ನೇ ಮಾಡಿದ್ದ. ಅವತ್ತಿನ ಯಾವ ಪರೀಕ್ಷೆಯಲ್ಲೂ ಇದು ತಪ್ಪು ಅಂತ ಕಾಣುತ್ತಿರಲಿಲ್ಲ. ಆಮೇಲೆ ತಾಮ್ರ ಮತ್ತು ರಂಜಕದ ಮೇಲೆ ಬಿಗಿ ಮಿತಿ ಬಂತು. ಆ ಹೊತ್ತಿಗೆ ಕಟ್ಟಿದ ಪಾತ್ರೆಗಳು ಕಟ್ಟಿದಂತೆಯೇ ಉಳಿದವು.

ಇದನ್ನು ಗಮನಿಸಲು ಒಂದು ಜಾಣ ಉಪಾಯ ಇದೆ. ಪಾತ್ರೆ ಮಾಡಿದ ಅದೇ ಉಕ್ಕಿನ, ಅದೇ ಬೆಸುಗೆಯ ತುಂಡುಗಳನ್ನು ಡಬ್ಬಿಯಲ್ಲಿ ತುಂಬಿ, ಪಾತ್ರೆಯ ಗೋಡೆಗಿಂತ ಇಂಧನಕ್ಕೆ ಹತ್ತಿರ ನೇತು ಹಾಕುತ್ತಾರೆ. ಅವು ಗೋಡೆಗಿಂತ ಬೇಗ ಮುದಿಯಾಗುತ್ತವೆ. ಕೆಲವು ವರ್ಷಕ್ಕೊಮ್ಮೆ ಒಂದು ಡಬ್ಬಿ ತೆಗೆದು ಸುತ್ತಿಗೆಯಲ್ಲಿ ಹೊಡೆದು ನೋಡಿದರೆ, ಗೋಡೆ ಮುಂದೆ ಹೇಗಾಗುತ್ತದೆ ಅಂತ ಇವತ್ತೇ ಗೊತ್ತಾಗುತ್ತದೆ. ಅಮೆರಿಕದಲ್ಲಿ ಈ ಡಬ್ಬಿಗಳ ವರದಿಗಳನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಓದಬಹುದು. 2012ರಲ್ಲಿ ಬೆಲ್ಜಿಯಂನ ಡೂಲ್ 3 ಮತ್ತು ತಿಹಾಂಜ್ 2 ರಿಯಾಕ್ಟರುಗಳ ಪಾತ್ರೆಯ ಗೋಡೆಯೊಳಗೆ ಸಾವಿರಾರು ಸಣ್ಣ ಬಿರುಕುಗಳು ಕಂಡವು. ಕುಲುಮೆಯಿಂದ ಬಂದಾಗಲೇ ಹೈಡ್ರೋಜನ್‌ನಿಂದ ಆಗಿದ್ದವು ಅವು. ಅಲ್ಲಿನ ನಿಯಂತ್ರಣ ಸಂಸ್ಥೆ ತನಿಖಾ ವರದಿಗಳನ್ನು ಜನರ ಮುಂದಿಟ್ಟಿತು. ಜಗಳ ವರ್ಷಗಟ್ಟಲೆ ನಡೆಯಿತು, ರಿಯಾಕ್ಟರುಗಳು ನಿಂತು ಮತ್ತೆ ಓಡಿದವು. ಆದರೆ ಜಗಳ ಆಡಿದವರ ಕೈಯಲ್ಲಿ ಅಂಕಿ ಅಂಶ ಇತ್ತು.

ನಮ್ಮದೇ ರಿಯಾಕ್ಟರುಗಳ ಪೈಪು

ಭಾರತ ತಾನೇ ಕಟ್ಟುವ ರಿಯಾಕ್ಟರುಗಳಲ್ಲಿ ಹೆಚ್ಚಿನವು ಭಾರಜಲದವು, ಅಂದರೆ ಭಾರದ ಬಗೆಯ ಹೈಡ್ರೋಜನ್ ಇರುವ ನೀರಿನವು. ಕೈಗಾದಲ್ಲಿ ಓಡುತ್ತಿರುವ ಬಗೆ ಇದೇ. ಇವುಗಳಲ್ಲಿ ದೊಡ್ಡ ಉಕ್ಕಿನ ಪಾತ್ರೆಯ ಬದಲು ನೂರಾರು ಅಡ್ಡ ಕೊಳವೆಗಳಿರುತ್ತವೆ. 220 ಮೆಗಾವ್ಯಾಟ್ ರಿಯಾಕ್ಟರಿನಲ್ಲಿ 306. ಈಗ ಕಟ್ಟುತ್ತಿರುವ 700 ಮೆಗಾವ್ಯಾಟಿನದರಲ್ಲಿ 392. ಕೊಳವೆಯ ಲೋಹ ಜಿರ್ಕೋನಿಯಂ, ದಪ್ಪ ನಾಲ್ಕು ಮಿಲಿಮೀಟರ್ ಆಸುಪಾಸು. ಅದರೊಳಗೆ ಇಂಧನ, ಇಂಧನದ ಸುತ್ತ ಸುಮಾರು 300 ಡಿಗ್ರಿ ಬಿಸಿಯ, ಭಾರಿ ಒತ್ತಡದ ಭಾರಜಲ. ಈ ಕೊಳವೆಗಳನ್ನು ಮಾಡುವುದು ರಾಯಚೂರಿಗೆ ಹತ್ತಿರದ ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ.

ಉಕ್ಕಿನ ಪಾತ್ರೆಯ ಗೋಡೆ ಇಡೀ ಆಯಸ್ಸಿನಲ್ಲಿ ಒಂದು ಡಿಪಿಎಗಿಂತ ಎಷ್ಟೋ ಕಡಿಮೆ ತಿನ್ನುತ್ತದೆ. ಈ ಕೊಳವೆಗಳು ವರ್ಷಕ್ಕೆ ಹತ್ತಿರ ಹತ್ತಿರ ಒಂದು ಡಿಪಿಎ ತಿನ್ನುತ್ತವೆ. ವಿಕಿರಣ, ಶಾಖ, ಒತ್ತಡ ಮೂರೂ ಸೇರಿ ಕೊಳವೆ ವರ್ಷಕ್ಕೆ ಕೆಲವು ಮಿಲಿಮೀಟರ್ ಉದ್ದ ಬೆಳೆಯುತ್ತದೆ. ಅಗಲವೂ ಆಗುತ್ತದೆ, ನಡುವೆ ಜೋತುಬೀಳುತ್ತದೆ. ನೀರಿನಿಂದ ಹೈಡ್ರೋಜನ್ ಜಾತಿಯ ಅನಿಲ ಹೀರಿಕೊಂಡು ಪೆಡಸಾಗುತ್ತದೆ. ಜೋತುಬಿದ್ದ ಕೊಳವೆ ಹೊರಗಿನ ತಣ್ಣನೆಯ ಕೊಳವೆಗೆ ತಾಗದಿರಲಿ ಅಂತ ನಡುನಡುವೆ ಸ್ಪ್ರಿಂಗ್ ಬಳೆಗಳನ್ನು ಹಾಕಿರುತ್ತಾರೆ. 1983ರಲ್ಲಿ ಕೆನಡಾದ ಪಿಕರಿಂಗ್‌ನಲ್ಲಿ ಈ ಬಳೆಗಳು ಜಾಗ ಬಿಟ್ಟು ಸರಿದಿದ್ದವು. ಕೊಳವೆ ತಣ್ಣನೆ ಗೋಡೆಗೆ ತಾಗಿತು. ಆ ಜಾಗದಲ್ಲಿ ಹೈಡ್ರೋಜನ್ ಸೇರಿ ಗುಳ್ಳೆ ಎದ್ದಿತು. ಒಂದು ದಿನ ಕೊಳವೆ ಉದ್ದಕ್ಕೆ ಸೀಳಿತು. ಕೆಲಸಗಾರರು ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಆದರೆ ಜಗತ್ತಿನ ಎಲ್ಲ ಭಾರಜಲ ರಿಯಾಕ್ಟರುಗಳ ಇಂಜಿನಿಯರುಗಳು ಅವತ್ತು ತಮ್ಮ ತಮ್ಮ ಕೊಳವೆಗಳ ಕಡೆ ನೋಡಿದರು.

ಭಾರತದವರೂ ನೋಡಿದರು. ಅದರಿಂದ ಹುಟ್ಟಿದ ಕೆಲಸ ನಿಜಕ್ಕೂ ದೊಡ್ಡದು. ರಾಜಸ್ಥಾನದ ರಾವತ್‌ಭಾಟದ ಎರಡನೇ ಘಟಕದಿಂದ ಶುರುಮಾಡಿ, ಕಲ್ಪಾಕ್ಕಂ, ನರೋರಾ, ಕಾಕ್ರಪಾರ್ ಹೀಗೆ ಒಂದೊಂದರಲ್ಲೂ ನೂರಾರು ಕೊಳವೆಗಳನ್ನು ಒಟ್ಟಿಗೆ ಕಿತ್ತು ಹೊಸದು ಹಾಕಿದರು. ಹಳೇ ಮಿಶ್ರಲೋಹದ ಬದಲು ನಿಯೋಬಿಯಂ ಬೆರೆಸಿದ ಜಿರ್ಕೋನಿಯಂ ಬಂತು. ಅದು ಹೈಡ್ರೋಜನ್ನನ್ನು ಕಡಿಮೆ ಹೀರುತ್ತದೆ. ನಿಲ್ಲಿಸಿದ ರಿಯಾಕ್ಟರಿನ ಕೊಳವೆಯೊಳಗೆ ಹೋಗಿ ತಪಾಸಣೆ ಮಾಡುವ ‘ಬಾರ್ಸಿಸ್’ ಎಂಬ ಯಂತ್ರವನ್ನು ಭಾಭಾ ಅಣು ಸಂಶೋಧನಾ ಕೇಂದ್ರ ತಾನೇ ಮಾಡಿಕೊಂಡಿತು. ಕೊಳವೆಯನ್ನು ಹೊರತೆಗೆಯದೆ ಒಳಮೈಯಿಂದ ಚೂರೇ ಚೂರು ಹೆರೆದು ಹೈಡ್ರೋಜನ್ ಎಷ್ಟಿದೆ ಎಂದು ನೋಡುವ ಉಪಕರಣವೂ ಬಂತು. ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತಲ್ಲ, ಪೇಪರಿನಲ್ಲಿ ಅದು ದೊಡ್ಡ ಸುದ್ದಿ. ಅಷ್ಟು ದಿನ ಓಡಿಸಬಹುದು ಅಂತ ಧೈರ್ಯ ಕೊಟ್ಟ ತಪಾಸಣೆ ಸುದ್ದಿಯಾಗಲಿಲ್ಲ.

ಆದರೂ 2016ರ ಮಾರ್ಚ್ 11ರಂದು ಕಾಕ್ರಪಾರ್ ಒಂದನೇ ಘಟಕದಲ್ಲಿ ಒಂದು ಕೊಳವೆ ಸೋರಿತು. ಹೊಸ ಲೋಹದ ಕೊಳವೆಗಳನ್ನು ಹಾಕಿ ಹತ್ತು ವರ್ಷವೂ ಆಗಿರಲಿಲ್ಲ. ತೆಗೆದು ನೋಡಿದರೆ ಕೊಳವೆಯ ಹೊರಮೈಯಲ್ಲಿ ಗುಳಿ ಬಿದ್ದಿದ್ದವು. ಎಲ್ಲರ ಕಣ್ಣು ಇದ್ದದ್ದು ಒಳಮೈ ಮೇಲೆ. ಹೊರಗೆ ಹರಿಯುವ ಕಾರ್ಬನ್ ಡೈಆಕ್ಸೈಡ್ ಅನಿಲದಲ್ಲಿ ಇದ್ದ ಕಲ್ಮಶ ಇದಕ್ಕೆ ಕಾರಣ ಎಂಬಲ್ಲಿಗೆ ತನಿಖೆ ಹೋಗಿ ನಿಂತಿತು. ತಾಮ್ರದ ತಂತಿಯಂತೆ ಇಲ್ಲೂ ತೊಂದರೆ ಬಂದದ್ದು ಯಾರೂ ನೋಡದಿದ್ದ ಮಗ್ಗುಲಿನಿಂದ. ಇದನ್ನು ಓದಿ ‘ನೋಡಿ, ಅಣು ಸ್ಥಾವರ ಅಂದರೆ ಇಷ್ಟೇ’ ಅನ್ನುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಸೋರಿದ್ದು ಗೊತ್ತಾಯಿತು, ನಿಲ್ಲಿಸಿದರು, ಕಾರಣ ಹುಡುಕಿದರು, ಎಲ್ಲ ಕೊಳವೆ ಬದಲಿಸಿದರು. ವಿಜ್ಞಾನ ಮಾಡಬೇಕಾದ್ದನ್ನು ಮಾಡಿತು. ನನ್ನ ತಕರಾರು ಇರುವುದು ಬೇರೆ ಕಡೆ. ಅದಕ್ಕೆ ಮೊದಲು ಈ ಕೆಲಸ ಮಾಡುವವರ ದಿನ ಹೇಗಿರುತ್ತದೆ ಅಂತ ಸ್ವಲ್ಪ ನೋಡೋಣ.

ದಪ್ಪ ಗಾಜಿನ ಆಚೆ

ಚೆನ್ನೈ ಹತ್ತಿರದ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ ಈ ವಿಜ್ಞಾನಕ್ಕೆ ನಮ್ಮ ದೇಶದ ದೊಡ್ಡ ಮನೆ. 1985ರಲ್ಲಿ ಶುರುವಾದ ಚಿಕ್ಕ ಫಾಸ್ಟ್ ಬ್ರೀಡರ್ ರಿಯಾಕ್ಟರ್ ಅಲ್ಲಿದೆ. ಅದರಿಂದ ತೆಗೆದ ಇಂಧನದ ಕೊಳವೆಗಳನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಹಾಟ್ ಸೆಲ್ ಎಂಬ ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿಟ್ಟು, ಸೀಸ ಬೆರೆಸಿದ ದಪ್ಪ ಗಾಜಿನ ಕಿಟಕಿಯಿಂದ ನೋಡುತ್ತಾ, ಯಾಂತ್ರಿಕ ಕೈಗಳಿಂದ ಅಳೆಯಬೇಕು, ಕತ್ತರಿಸಬೇಕು, ಎಳೆದು ನೋಡಬೇಕು. ಹೊರಗೆ ಹತ್ತು ನಿಮಿಷದ ಕೆಲಸಕ್ಕೆ ಅಲ್ಲಿ ಎಷ್ಟೋ ಪಟ್ಟು ಹೊತ್ತು ಹಿಡಿಯುತ್ತದೆ. ಮಾದರಿಯನ್ನು ರಿಯಾಕ್ಟರಿಗೆ ಇಟ್ಟವರು ಒಬ್ಬರು, ತೆಗೆದು ನೋಡುವವರು ಇನ್ನೊಬ್ಬರು ಆಗುವುದೂ ಉಂಟು. ನಡುವೆ ಅಷ್ಟು ವರ್ಷ ಕಳೆದಿರುತ್ತದೆ.

ಕಾಯಲಾಗದವರಿಗೆ ಒಂದು ಅಡ್ಡದಾರಿ ಇದೆ. ಕಣ ವೇಗವರ್ಧಕದಿಂದ ಭಾರದ ಅಯಾನುಗಳನ್ನು (ವಿದ್ಯುದಂಶ ಇರುವ ಪರಮಾಣುಗಳನ್ನು) ಲೋಹದ ಮೇಲೆ ಸುರಿಸಿದರೆ ರಿಯಾಕ್ಟರ್ ವರ್ಷಗಳಲ್ಲಿ ಮಾಡುವ ಪೆಟ್ಟನ್ನು ಕೆಲವೇ ಗಂಟೆ, ದಿನಗಳಲ್ಲಿ ಮಾಡಬಹುದು. ಕಲ್ಪಾಕ್ಕಂನಲ್ಲಿ ಇದಕ್ಕೆ 1.7 ಮೆಗಾವೋಲ್ಟಿನ ವೇಗವರ್ಧಕ ಇದೆ. ಆದರೆ ಪೆಟ್ಟು ಬೀಳುವುದು ಮೇಲ್ಮೈಯಿಂದ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಆಸುಪಾಸಿನ ಆಳದವರೆಗೆ ಅಷ್ಟೇ. ಅಷ್ಟು ತೆಳು ಪದರವನ್ನು ನೋಡಿ ಇಡೀ ಕೊಳವೆಯ ಭವಿಷ್ಯ ಹೇಳಬೇಕು. ಮೇಲಾಗಿ ಅವಸರದಲ್ಲಿ ಮಾಡಿದ ಪೆಟ್ಟಿಗೂ ನಿಧಾನವಾಗಿ ಬಿದ್ದ ಪೆಟ್ಟಿಗೂ ವ್ಯತ್ಯಾಸ ಇದೆ. ನಿಧಾನವಾದರೆ ಪರಮಾಣುಗಳಿಗೆ ಓಡಾಡಲು ಹೊತ್ತು ಸಿಗುತ್ತದೆ. ಈ ಎರಡನ್ನು ಹೊಂದಿಸುವುದರಲ್ಲೇ ಕೆಲವರ ಇಡೀ ಜೀವನ ಕಳೆಯುತ್ತದೆ.

ಫಲವೂ ಸಿಕ್ಕಿದೆ. ಊದುವ ಸ್ಟೇನ್‌ಲೆಸ್ ಸ್ಟೀಲಿಗೆ ಕ್ರೋಮಿಯಂ ಮತ್ತು ನಿಕ್ಕಲ್ಲಿನ ಪ್ರಮಾಣ ಬದಲಿಸಿ, ಚೂರು ಟೈಟೇನಿಯಂ ಸೇರಿಸಿ, ತಣ್ಣಗಿದ್ದಾಗಲೇ ಎಳೆದು ಗಟ್ಟಿ ಮಾಡಿದ ಡಿ9 ಎಂಬ ಉಕ್ಕು ಬಂತು. ಕಲ್ಪಾಕ್ಕಂನ 500 ಮೆಗಾವ್ಯಾಟಿನ ದೊಡ್ಡ ಬ್ರೀಡರ್ ರಿಯಾಕ್ಟರಿಗೆ ಆರಿಸಿದ್ದು ಇದೇ ಬಗೆಯನ್ನು. ಈ ಕೇಂದ್ರದ ನಿರ್ದೇಶಕರಾಗಿದ್ದ ಬಲದೇವ್ ರಾಜ್ ಲೋಹವನ್ನು ಒಡೆಯದೆ ಒಳಗಿನ ದೋಷ ಕಂಡುಹಿಡಿಯುವ ವಿದ್ಯೆಯಲ್ಲಿ ದೊಡ್ಡ ಹೆಸರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು, 2018ರಲ್ಲಿ ತೀರಿಕೊಂಡರು.

ಈ ವಿದ್ಯೆಗೆ ಈಗ ಕಂಪ್ಯೂಟರ್ ಕೂಡ ಬೇಕೇ ಬೇಕು. ಪರಮಾಣುಗಳ ಗುದ್ದಾಟವನ್ನು ಲೆಕ್ಕದಲ್ಲೇ ಆಡಿಸಿ ನೋಡುವ ಪದ್ಧತಿ 1960ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಶುರುವಾಯಿತು. ರಾಯಚೂರಿನ ಐಐಐಟಿಯಲ್ಲೋ ಬಳ್ಳಾರಿಯ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನಲ್ಲೋ ಕೂತು ಮಾಡಬಹುದಾದ ಕೆಲಸ ಅದು. ಇದಕ್ಕೆ ವಿಕಿರಣವೂ ಬೇಡ, ಹಾಟ್ ಸೆಲ್ಲೂ ಬೇಡ. ಉಕ್ಕಿನ ಜಿಲ್ಲೆಯ ಹುಡುಗ ಹುಡುಗಿಯರಿಗೆ ಇಂಥ ಓದು ಇದೆ ಅಂತ ಹೇಳುವವರು ಬೇಕು, ಅಷ್ಟೇ.

ತಕರಾರು ಎಲ್ಲಿ?

2025ರ ಕೇಂದ್ರ ಬಜೆಟ್ಟಿನಲ್ಲಿ 2047ಕ್ಕೆ 100 ಗಿಗಾವ್ಯಾಟ್ ಅಣು ವಿದ್ಯುತ್ತಿನ ಗುರಿ ಇಟ್ಟರು. ಚಿಕ್ಕ ರಿಯಾಕ್ಟರುಗಳಿಗೆ 20,000 ಕೋಟಿ ರೂಪಾಯಿ ಘೋಷಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ‘ಶಾಂತಿ’ ಎಂದು ಕರೆಯುವ ಹೊಸ ಕಾಯ್ದೆ ಪಾಸು ಮಾಡಿತು. ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಅಂದರೆ ಮೂವತ್ತು ವರ್ಷದ ನಂತರ ಕೊಳವೆ ನೋಡುವ ಜವಾಬ್ದಾರಿ ಇವತ್ತು ಸ್ಥಾವರ ಕಟ್ಟಿದ ಕಂಪನಿಯ ಮೇಲಿರಬಹುದು, ಅದನ್ನು ಕೊಂಡುಕೊಂಡವರ ಮೇಲಿರಬಹುದು. ಅಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಸರ್ಕಾರಿ ಆದೇಶದ ಬಲದಲ್ಲಷ್ಟೇ ನಡೆಯುತ್ತಿತ್ತು. 2012ರಲ್ಲಿ ಮಹಾಲೇಖಪಾಲರ (ಸಿಎಜಿ) ವರದಿ ಇದಕ್ಕೆ ಸ್ವಂತ ಕಾನೂನಿನ ಬಲ ಇಲ್ಲ ಎಂದು ಟೀಕಿಸಿತ್ತು. ಹೊಸ ಕಾಯ್ದೆ ಆ ಬಲ ಕೊಟ್ಟಿದೆ. ಇದು ಒಳ್ಳೆಯದು. ಆದರೆ ಮಾಹಿತಿ ಗುಟ್ಟಾಗಿ ಇಡುವ ಹಳೇ ಅಧಿಕಾರ ಹೊಸ ರೂಪದಲ್ಲಿ ಉಳಿದೇ ಇದೆ. ಇಂಧನದ ವಿವರ, ಕಾವಲಿನ ವಿವರ ಗುಟ್ಟಾಗಿರಲಿ. ಕೊಳವೆ ಎಷ್ಟು ಉದ್ದ ಬೆಳೆದಿದೆ, ಎಷ್ಟು ಹೈಡ್ರೋಜನ್ ಹೀರಿದೆ ಅನ್ನುವುದು ಯಾಕೆ ಗುಟ್ಟು? ಅದು ತಿಳಿದರೆ ಯಾವ ಶತ್ರುವಿಗೆ ಏನು ಲಾಭ?

ಸ್ಥಾವರ ಬೇಕೋ ಬೇಡವೋ ಅನ್ನುವ ವಾದದಲ್ಲಿ ಎರಡೂ ಕಡೆಯವರು ಮೊದಲ ದಿನ ಮತ್ತು ಕೊನೆಯ ದಿನದ ಬಗ್ಗೆ ಮಾತ್ರ ಮಾತಾಡುತ್ತಾರೆ. ಒಬ್ಬರು ಉದ್ಘಾಟನೆ ತೋರಿಸುತ್ತಾರೆ, ಇನ್ನೊಬ್ಬರು ಚೆರ್ನೋಬಿಲ್ ತೋರಿಸುತ್ತಾರೆ. ನಡುವಿನ ನಲವತ್ತು, ಅರವತ್ತು ವರ್ಷ ಊರಿನವರು ಅದರ ಪಕ್ಕದಲ್ಲೇ ಬದುಕಬೇಕು. ನನ್ನ ಮಟ್ಟಿಗೆ, ಆ ವರ್ಷಗಳ ತಪಾಸಣೆಯ ಕರಾರು ಬರಹದಲ್ಲಿ ಬರುವವರೆಗೆ ಯಾವ ಊರೂ ಒಂದು ಗುಂಟೆ ಜಾಗಕ್ಕೂ ಒಪ್ಪಬಾರದು. ಬಂದ ಮೇಲೆ ಒಪ್ಪುವುದು ಬಿಡುವುದು ಊರಿಗೆ ಬಿಟ್ಟದ್ದು.

ಇದನ್ನು ಕೇಳಲು ಒಂದು ಜಾಗ ಇದೆ. ಇಂಥ ಯೋಜನೆಗೆ ಪರಿಸರ ಅನುಮತಿ ಬೇಕಾದರೆ 2006ರ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಆಲಿಕೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜನ ಎತ್ತಿದ ಪ್ರಶ್ನೆಗಳನ್ನು ಬರೆದುಕೊಂಡು, ಕೊನೆಗೆ ಅಲ್ಲೇ ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಬೇಕು. ಹಾಗಾಗಿ ಬಾಯಲ್ಲಿ ಕೂಗುವುದಕ್ಕಿಂತ ಬರೆದು ಕೊಡುವುದು ಲೇಸು: ರಿಯಾಕ್ಟರ್ ಯಾವ ಬಗೆಯದು? ಉಕ್ಕಿನ ಪಾತ್ರೆಯದಾದರೆ ಮಾದರಿ ಡಬ್ಬಿಗಳನ್ನು ಯಾವ ಯಾವ ವರ್ಷ ತೆಗೆಯುತ್ತೀರಿ, ಕೊಳವೆಯದಾದರೆ ವರ್ಷಕ್ಕೆ ಎಷ್ಟು ಕೊಳವೆ ತಪಾಸಣೆ ಮಾಡುತ್ತೀರಿ? ಫಲಿತಾಂಶವನ್ನು ಎಷ್ಟು ದಿನದೊಳಗೆ, ಎಲ್ಲಿ ಪ್ರಕಟಿಸುತ್ತೀರಿ? ಕಂಪನಿ ಕೈ ಬದಲಾದರೆ ಈ ಕರಾರು ಹೊಸಬರಿಗೂ ಅಂಟುತ್ತದಾ? ಆಲಿಕೆಯ ಅಧಿಕಾರಿ ‘ಇದು ಪರಿಸರದ ವಿಷಯ ಅಲ್ಲ, ನಿಯಂತ್ರಣ ಮಂಡಳಿಗೆ ಸೇರಿದ್ದು’ ಅನ್ನಬಹುದು, ಬಹುಶಃ ಅನ್ನುತ್ತಾರೆ. ಆಗ ಆ ಉತ್ತರವನ್ನೂ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಮಂಡಳಿಗೆ ಕಳಿಸಬೇಕು.